ಕೇಬಲ್ ತೆಗೆಸಬೇಕಾ? ಮೊದಲು ರಿಮೋಟ್ ಯಾರ ಕೈಲಿದೆ ನೋಡಿ

ಕೇಬಲ್ ತೆಗೆಸಿ ಟಿವಿಗೆ ಒಂದು ಸ್ಟಿಕ್ (ಇಂಟರ್ನೆಟ್ ಆಪ್‌ಗಳನ್ನು ಟಿವಿಯಲ್ಲಿ ತೋರಿಸುವ ಸಣ್ಣ ಸಾಧನ) ಸಿಕ್ಕಿಸಿದರೆ ದುಡ್ಡು ಉಳಿಯುತ್ತದಾ? ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಓಣಿಗೊಬ್ಬರಾದರೂ ಹೀಗೆ ಕೇಳುತ್ತಾರೆ. ಮನೆಗೆ ಆಗಲೇ ಬ್ರಾಡ್‌ಬ್ಯಾಂಡ್ ಬಂದಿದ್ದರೆ ಸ್ವಲ್ಪ ಉಳಿಯುತ್ತದೆ. ಬಂದಿಲ್ಲದಿದ್ದರೆ ಖರ್ಚು ಜಾಸ್ತಿಯೇ ಆಗುತ್ತದೆ. ಲೆಕ್ಕ ಮುಂದೆ ಕೊಡುತ್ತೇನೆ.

ಆದರೆ ಕೇಬಲ್ ತೆಗೆಸಿದವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಹಾಕಿಸಿಕೊಳ್ಳುವುದು ದುಡ್ಡಿನ ಕಾರಣಕ್ಕಲ್ಲ. ಸ್ಟಿಕ್ ತರುವವರೇ ಬೇರೆ, ಟಿವಿ ಜಾಸ್ತಿ ನೋಡುವವರೇ ಬೇರೆ. ಮಗ ಸ್ಟಿಕ್ ತರುತ್ತಾನೆ, ಹಾಕಿ ತೋರಿಸುತ್ತಾನೆ, ಮಾರನೇ ದಿನ ಕೆಲಸಕ್ಕೆ ಹೋಗುತ್ತಾನೆ. ಸಂಜೆ ಅವ್ವ ರಿಮೋಟ್ ಹಿಡಿದು ಕೂತರೆ ಅದರಲ್ಲಿ ನಂಬರ್ ಗುಂಡಿಗಳೇ ಇಲ್ಲ. "ನನ್ನ ಧಾರಾವಾಹಿ ಎಲ್ಲಿ ಹೋತೋ ತಮ್ಮಾ?" ಎಂದು ಫೋನ್ ಬರುತ್ತದೆ. ನಾಲ್ಕು ದಿನ ಹೀಗೇ ಆದ ಮೇಲೆ ಕೇಬಲ್ ಹುಡುಗನಿಗೆ ಮತ್ತೆ ಕರೆ ಹೋಗುತ್ತದೆ.

ಅದಕ್ಕೇ ಇಲ್ಲಿ ಸ್ಟಿಕ್ ಕೊಳ್ಳುವ ಮಾತು ನಾಲ್ಕನೆಯದಾಗಿ ಬರುತ್ತದೆ. ಮೊದಲ ಎರಡು ಕೆಲಸಗಳಿಗೆ ದುಡ್ಡು ಬೇಕಿಲ್ಲ, ಒಂದು ಹಾಳೆ ಸಾಕು.

1. ಒಂದು ವಾರ ಬರೆದಿಡಿ

ಟಿವಿ ಪಕ್ಕ ಒಂದು ಹಾಳೆ, ಒಂದು ಪೆನ್ ಇಡಿ. ಯಾರು, ಎಷ್ಟು ಹೊತ್ತಿಗೆ, ಯಾವ ಚಾನೆಲ್ ನೋಡಿದರು ಅಂತ ಒಂದು ವಾರ ಬರೆಯಿರಿ. ನೆನಪಿನಿಂದ ಬರೆದರೆ ಸರಿಯಾಗುವುದಿಲ್ಲ. "ನಾ ಎಲ್ಲಿ ಟಿವಿ ನೋಡ್ತೀನಿ" ಎನ್ನುವ ಅಪ್ಪ ಬೆಳಗ್ಗೆ ಒಂದು ತಾಸು, ರಾತ್ರಿ ಒಂದೂವರೆ ತಾಸು ಸುದ್ದಿ ನೋಡಿರುತ್ತಾರೆ.

ವಾರ ಮುಗಿದ ಮೇಲೆ ಹಾಳೆ ನೋಡಿ. ಸಾಮಾನ್ಯವಾಗಿ ಎಂಟು-ಹತ್ತು ಚಾನೆಲ್ ಮೇಲೆ ಇರುವುದಿಲ್ಲ. ಬೆಳಗ್ಗೆ ಒಂದು ಭಕ್ತಿ ಚಾನೆಲ್, ಎರಡು-ಮೂರು ಸುದ್ದಿ ಚಾನೆಲ್, ಸಂಜೆ ಧಾರಾವಾಹಿಯ ಎರಡು ಚಾನೆಲ್, ಮಕ್ಕಳದ್ದೊಂದು, ಕ್ರಿಕೆಟ್ ಇದ್ದಾಗ ಕ್ರಿಕೆಟ್, ಭಾನುವಾರ ಸಿನಿಮಾ.

ಇದರ ಜೊತೆಗೆ ಕೇಬಲ್ ಬಿಲ್ ಇಟ್ಟುಕೊಳ್ಳಿ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ದರ ಪದ್ಧತಿ ತಂದಾಗ ಚಾನೆಲ್ ನೋಡಲಿ ಬಿಡಲಿ, ಸಂಪರ್ಕಕ್ಕೇ ಗರಿಷ್ಠ 130 ರೂಪಾಯಿ ಎಂದಾಯಿತು. ಶೇ. 18 ಜಿಎಸ್‌ಟಿ ಸೇರಿದರೆ 153. 2024ರಲ್ಲಿ ಟ್ರಾಯ್ ಆ 130ರ ಮಿತಿಯನ್ನೂ ತೆಗೆದು ದರ ನಿಗದಿಯನ್ನು ಕಂಪನಿಗಳಿಗೇ ಬಿಟ್ಟಿದೆ. ಇದರ ಮೇಲೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳ ಪ್ಯಾಕ್ ಸೇರಿ ಬಿಲ್ ಮುನ್ನೂರು, ಮುನ್ನೂರೈವತ್ತು ದಾಟುತ್ತದೆ. ನಿಮ್ಮ ಪ್ಯಾಕಿನಲ್ಲಿ ಯಾರೂ ನೋಡದ ಚಾನೆಲ್ ಎಷ್ಟಿವೆ ಎಂದು ಹಾಳೆ ನೋಡಿದರೆ ಗೊತ್ತಾಗುತ್ತದೆ. ಕೆಲವರ ಸಮಸ್ಯೆ ಇಲ್ಲೇ ಮುಗಿಯಬಹುದು. ಆಪರೇಟರ್‌ಗೆ ಹೇಳಿ ದೊಡ್ಡ ಪ್ಯಾಕ್ ತೆಗೆಸಿ, ಬೇಕಾದ ಚಾನೆಲ್ ಮಾತ್ರ ಹಾಕಿಸಿಕೊಂಡರೆ ಬಿಲ್ ಇಳಿಯುತ್ತದೆ. ಅಷ್ಟಕ್ಕೇ ಸಮಾಧಾನ ಅನಿಸಿದರೆ ಮುಂದಿನದು ಓದುವ ಅಗತ್ಯ ಇಲ್ಲ.

2. ನಿಮ್ಮ ಚಾನೆಲ್ ಯಾವ ಆಪ್‌ನಲ್ಲಿದೆ

ಕನ್ನಡ ಚಾನೆಲ್‌ಗಳ ಮಟ್ಟಿಗೆ ಇದು ಈಗ ಸುಲಭವಾಗಿದೆ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆದವು. ಹಾಗಾಗಿ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡರ ಧಾರಾವಾಹಿಗಳೂ ಒಂದೇ ಆಪ್‌ನಲ್ಲಿ ಸಿಗುತ್ತವೆ. ಐಪಿಎಲ್ ಕೂಡ ಅಲ್ಲೇ. ಜೀ ಕನ್ನಡದ್ದು ಜೀ5ನಲ್ಲಿ. ಉದಯ ಟಿವಿ ಮತ್ತು ಅದರ ಬಳಗದ ಚಾನೆಲ್‌ಗಳು ಸನ್ ನೆಕ್ಸ್ಟ್‌ನಲ್ಲಿ. ಅಂದರೆ ಕನ್ನಡ ಮನರಂಜನೆಗೆ ಮೂರು ಆಪ್. ಬಹುಪಾಲು ಮನೆಗಳ ಹಾಳೆಯಲ್ಲಿ ಎರಡೇ ಬರುತ್ತವೆ.

ಸುದ್ದಿಗೆ ದುಡ್ಡೇ ಬೇಡ. ಕನ್ನಡದ ದೊಡ್ಡ ಸುದ್ದಿ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಇಡೀ ದಿನ ನೇರ ಪ್ರಸಾರ ಕೊಡುತ್ತವೆ. ದೂರದರ್ಶನ ಚಂದನ ಬೇಕಾದವರು ಪ್ರಸಾರ ಭಾರತಿಯ ವೇವ್ಸ್ ಆಪ್ ಹಾಕಿಕೊಳ್ಳಬಹುದು. ಅದು 2024ರ ನವೆಂಬರ್‌ನಲ್ಲಿ ಶುರುವಾಯಿತು. ಧಾರವಾಡ ಆಕಾಶವಾಣಿ ಕೇಳದೆ ಬೆಳಗಾಗದ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅಂಥವರು ಫೋನಿನಲ್ಲಿ ನ್ಯೂಸ್ ಆನ್ ಏರ್ ಆಪ್ ಹಾಕಿ, ಅಲ್ಲಿಂದ ಟಿವಿಗೋ ಬ್ಲೂಟೂತ್ ಸ್ಪೀಕರ್‌ಗೋ ಕಳಿಸಬಹುದು. ಟಿವಿ ಸ್ಪೀಕರ್‌ನಲ್ಲಿ ಬೆಳಗಿನ ಸಂಗೀತ ಚೆನ್ನಾಗಿಯೇ ಕೇಳುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಮನೆಯವರಿಗೆ ಮೊದಲೇ ಹೇಳಿಬಿಡಿ. ಕೇಬಲ್‌ನಲ್ಲಿ ಚಾನೆಲ್ ಹಾಕಿದರೆ ಏನೋ ಒಂದು ಓಡುತ್ತಿರುತ್ತದೆ. ಆಪ್‌ನಲ್ಲಿ ಬಹುತೇಕ ಕಂತು ಹುಡುಕಿ ಒತ್ತಬೇಕು. ಸೊಪ್ಪು ಸೋಸುತ್ತಾ, ಏನಾದರೂ ಬರಲಿ ಅಂತ ಟಿವಿ ಹಾಕಿಟ್ಟುಕೊಳ್ಳುವವರಿಗೆ ಇದು ದೊಡ್ಡ ಬದಲಾವಣೆ. ಇನ್ನೊಂದು ಕಡೆ ಲಾಭವೂ ಇದೆ. ಎಂಟೂವರೆಯ ಧಾರಾವಾಹಿಯನ್ನು ಅಡುಗೆ ಮುಗಿಸಿ ಒಂಬತ್ತಕ್ಕೆ ನೋಡಬಹುದು, ಮಧ್ಯೆ ಯಾರಾದರೂ ಬಂದರೆ ನಿಲ್ಲಿಸಬಹುದು. ಜೀ5ನಲ್ಲಿ ಚಂದಾ ಕೊಟ್ಟವರಿಗೆ ಕೆಲವು ಧಾರಾವಾಹಿಗಳ ಕಂತು ಟಿವಿಗಿಂತ ಮುಂಚೆಯೇ ಸಿಗುತ್ತದೆ. ಆಗ ಮುಂದೇನಾಯ್ತು ಎಂದು ಇಡೀ ಓಣಿಗೆ ಹೇಳಿಬಿಡುವ ಅಧಿಕಾರ ನಿಮ್ಮ ವೈನಿಗೆ ಬರುತ್ತದೆ. ಅದನ್ನು ನೀವೇ ನಿಭಾಯಿಸಬೇಕು!

ಕ್ರಿಕೆಟ್ ನೋಡುವವರಿಗೂ ಒಂದು ಮಾತು. ಇಂಟರ್ನೆಟ್‌ನಲ್ಲಿ ನೇರ ಪ್ರಸಾರ ಕೇಬಲ್‌ಗಿಂತ ಹಲವು ಸೆಕೆಂಡ್ ತಡವಾಗಿ ಬರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷ. ಮೈದಾನದಿಂದ ಬಂದ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ, ನಿಮ್ಮ ಆಪ್ ಕೆಲವು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಂಥ ರಾತ್ರಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಕೇಬಲ್ ಇರುವ ಪಕ್ಕದ ಮನೆಯಿಂದ ಕೂಗು ಕೇಳಿಬಿಡುತ್ತದೆ. ಇದಕ್ಕೆ ಪರಿಹಾರ ಇಲ್ಲ. ಕಿಟಕಿ ಮುಚ್ಚಬಹುದು, ಅಷ್ಟೇ.

3. ಇಂಟರ್ನೆಟ್ ಮತ್ತು ಕರೆಂಟ್

ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕ ಹೀಗಿದೆ: ಸಾಧಾರಣ ಎಚ್‌ಡಿ ಚಿತ್ರಕ್ಕೆ 3 ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ), ಅದಕ್ಕಿಂತ ಸ್ಪಷ್ಟವಾದ ಫುಲ್ ಎಚ್‌ಡಿಗೆ 5, ಇನ್ನೂ ಸ್ಪಷ್ಟವಾದ 4ಕೆಗೆ 15. ಉಳಿದ ಆಪ್‌ಗಳೂ ಇದರ ಆಚೀಚೆಯೇ. ಆದ್ದರಿಂದ 30 ಎಂಬಿಪಿಎಸ್‌ನ ಸಣ್ಣ ಪ್ಲ್ಯಾನ್‌ನಲ್ಲಿ ಎರಡು ಟಿವಿ, ನಾಲ್ಕು ಫೋನ್ ಆರಾಮಾಗಿ ನಡೆಯುತ್ತವೆ. ನೂರರದು ತಗೊಳ್ಳಿ, ಇನ್ನೂರರದು ತಗೊಳ್ಳಿ ಎಂದು ಮಾರುವವರು ಹೇಳುತ್ತಾರೆ. ಸಾಮಾನ್ಯ ಮನೆಗೆ ಸುಮ್ನೆ ಖರ್ಚು.

ಎಚ್‌ಡಿಯಲ್ಲಿ ತಾಸಿಗೆ ಸುಮಾರು 3 ಜಿಬಿ ಡೇಟಾ ಹೋಗುತ್ತದೆ, 4ಕೆಯಲ್ಲಿ 7. ದಿನಕ್ಕೆ ಐದು ತಾಸು ಟಿವಿ ಓಡಿದರೆ ತಿಂಗಳಿಗೆ 450 ಜಿಬಿ. ಫೈಬರ್ (ಮನೆಗೆ ವೈರಿನಲ್ಲಿ ಬರುವ ಬ್ರಾಡ್‌ಬ್ಯಾಂಡ್) ಪ್ಲ್ಯಾನ್‌ಗಳಲ್ಲಿ ಸಾಮಾನ್ಯವಾಗಿ 3,300 ಜಿಬಿ ತನಕ ಪೂರ್ತಿ ವೇಗ ಇರುತ್ತದೆ, ಹಾಗಾಗಿ ಚಿಂತೆ ಇಲ್ಲ. ಆದರೆ ಫೋನಿನ ಹಾಟ್‌ಸ್ಪಾಟ್‌ನಿಂದ ಟಿವಿ ನೋಡುತ್ತೇನೆ ಎಂದರೆ ನಡೆಯುವುದಿಲ್ಲ. ದಿನಕ್ಕೆ 2 ಜಿಬಿಯ ರೀಚಾರ್ಜ್ ಒಂದು ಧಾರಾವಾಹಿ, ಒಂದು ಸುದ್ದಿಗೆ ಖಾಲಿ.

ಯಾರಿಂದ ತಗೊಳ್ಳಬೇಕು? ನನ್ನ ಉತ್ತರ: ನಿಮ್ಮ ಓಣಿಯಲ್ಲಿ ಲೈನ್ ಹೋದರೆ ಯಾರು ಬೇಗ ಬಂದು ಸರಿ ಮಾಡುತ್ತಾರೋ ಅವರಿಂದ. ಅಕ್ಕಪಕ್ಕದ ಮೂರು ಮನೆಯಲ್ಲಿ ಕೇಳಿ. ರಸ್ತೆ ಅಗೆದಾಗ, ಮಳೆಗಾಲದಲ್ಲಿ ಕೊಂಬೆ ಮುರಿದು ಬಿದ್ದಾಗ ಫೈಬರ್ ತುಂಡಾಗುವುದು ಇದ್ದದ್ದೇ. ಅದು ಎಷ್ಟು ಹೊತ್ತಿಗೆ ಸರಿಯಾಗುತ್ತದೆ ಎನ್ನುವುದೇ ಮುಖ್ಯ. ಎಷ್ಟೋ ಕಡೆ ಕೇಬಲ್ ಕೊಡುವವರೇ ಫೈಬರ್ ಕೂಡ ಕೊಡುತ್ತಾರೆ. ಹಾಗಾಗಿ ಕೇಬಲ್ ತೆಗೆಸುವಾಗ ಆಪರೇಟರ್ ಜೊತೆ ಜಗಳ ಮಾಡಿಕೊಳ್ಳಬೇಡಿ. ನಾಳೆ ಇಂಟರ್ನೆಟ್‌ಗೆ ಅವರನ್ನೇ ಕರೆಯಬೇಕಾಗಬಹುದು. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಯವರು ಬಿಎಸ್‌ಎನ್‌ಎಲ್ ಫೈಬರ್ ತಮ್ಮೂರಿಗೆ ಬಂದಿದೆಯಾ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ 5ಜಿ ಏರ್‌ಫೈಬರ್. ಅದಕ್ಕೆ ಮನೆ ಮೇಲೆ ಒಂದು ಪೆಟ್ಟಿಗೆ ಕೂರಿಸುತ್ತಾರೆ, ಟವರ್ ಸಿಗ್ನಲ್ ಚೆನ್ನಾಗಿದ್ದರೆ ಮಾತ್ರ ಸರಿ ಹೋಗುತ್ತದೆ.

ಇನ್ನು ಹೆಸ್ಕಾಂ ಕರೆಂಟ್. ಇನ್ವರ್ಟರ್ ಇರುವ ಮನೆಯಲ್ಲಿ ಟಿವಿ ಇನ್ವರ್ಟರ್ ಮೇಲಿರುತ್ತದೆ, ವೈಫೈ ಕೊಡುವ ರೂಟರ್ ಇರುವುದಿಲ್ಲ. ಕೇಬಲ್ ಇದ್ದಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಈಗ ಕರೆಂಟ್ ಹೋದ ಕೂಡಲೇ ವೈಫೈ ಹೋಗುತ್ತದೆ, ಟಿವಿ ಮಾತ್ರ ಉರಿಯುತ್ತಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ರೂಟರ್‌ನ ಪ್ಲಗ್ಗನ್ನೂ ಇನ್ವರ್ಟರ್ ಲೈನಿಗೆ ಸೇರಿಸಿ. ಇನ್ವರ್ಟರ್ ಇಲ್ಲದವರಿಗೆ ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಅಂಗೈಯಗಲದ್ದು. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. ಬಹಳಷ್ಟು ರೂಟರ್‌ಗಳು 12 ವೋಲ್ಟ್‌ನವು, ಆಂಪಿಯರ್ ಮಾತ್ರ 1, 1.5, 2 ಹೀಗೆ ಬೇರೆ ಬೇರೆ. ಆ ಅಡಾಪ್ಟರ್‌ನ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಕರೆಂಟ್ ಬಂದು ಹೋಗಿ ಮಾಡಿದಾಗ ರೂಟರ್ ಮತ್ತೆ ಏಳಲು ಎರಡು ಮೂರು ನಿಮಿಷ ತಿನ್ನುತ್ತದಲ್ಲ, ಆ ಕಿರಿಕಿರಿಯೂ ಇದರಿಂದ ತಪ್ಪುತ್ತದೆ.

ದುಡ್ಡಿನ ಲೆಕ್ಕ

ಜಾಹೀರಾತಿನಲ್ಲಿ 399 ಎಂದು ಕಾಣುವ ಫೈಬರ್ ಪ್ಲ್ಯಾನ್ ಜಿಎಸ್‌ಟಿ ಸೇರಿ 471 ಆಗುತ್ತದೆ. 499ರದ್ದು 589. ಎರಡು ಆಪ್‌ಗೆ ವರ್ಷದ ಚಂದಾ ಕಟ್ಟಿ ತಿಂಗಳಿಗೆ ಹಂಚಿದರೆ ಸುಮಾರು ನೂರೈವತ್ತರಿಂದ ಇನ್ನೂರು. ಅಲ್ಲಿಗೆ ಆರುನೂರು ದಾಟಿತು. ಮುನ್ನೂರೈವತ್ತರ ಕೇಬಲ್ ತೆಗೆಸಲಿಕ್ಕೆ ಹೊಸದಾಗಿ ಫೈಬರ್ ಹಾಕಿಸಿದರೆ ನಷ್ಟವೇ.

ಫೈಬರ್ ಆಗಲೇ ಇದ್ದರೆ ಲೆಕ್ಕ ಬೇರೆ. 350 ಉಳಿಯಿತು, ಆಪ್‌ಗೆ 175 ಹೋಯಿತು ಎಂದುಕೊಳ್ಳಿ. ತಿಂಗಳಿಗೆ 175 ಉಳಿತಾಯ. ಇದರಲ್ಲಿ ನಾಲ್ಕು ಸಾವಿರದ ಸ್ಟಿಕ್‌ನ ಹಣ ಹುಟ್ಟಬೇಕೆಂದರೆ ಎರಡು ವರ್ಷ ಬೇಕು. ಟಿವಿ ಮೊದಲೇ ಸ್ಮಾರ್ಟ್ ಆಗಿದ್ದರೆ, ಅಂದರೆ ಆಪ್‌ಗಳು ಅದರೊಳಗೇ ಇದ್ದರೆ, ಮೊದಲ ತಿಂಗಳಿಂದಲೇ ಉಳಿತಾಯ. "ಸ್ಟಿಕ್ ಹಾಕಿದರೆ ವರ್ಷಕ್ಕೆ ಸಾವಿರಾರು ಉಳಿಯುತ್ತದೆ" ಎನ್ನುವ ಮಾತನ್ನು ಈ ಲೆಕ್ಕ ಇಟ್ಟುಕೊಂಡು ಕೇಳಿ.

ಹಾಂ, ಆಪ್ ಚಂದಾ ಕಟ್ಟುವ ಮೊದಲು ನಿಮ್ಮ ಫೈಬರ್ ಪ್ಲ್ಯಾನ್ ಮತ್ತು ಫೋನ್ ರೀಚಾರ್ಜ್‌ನಲ್ಲಿ ಏನೇನು ಪುಕ್ಕಟೆ ಬಂದಿದೆ ನೋಡಿ. ಎಷ್ಟೋ ಪ್ಲ್ಯಾನ್‌ಗಳಲ್ಲಿ ಒಂದೆರಡು ಆಪ್ ಸೇರಿರುತ್ತದೆ. ಆದರೆ ರೀಚಾರ್ಜ್ ಜೊತೆ ಬರುವುದು ಕೆಲವೊಮ್ಮೆ ಮೊಬೈಲ್‌ಗೆ ಮಾತ್ರ, ಟಿವಿಯಲ್ಲಿ ತೆರೆಯುವುದಿಲ್ಲ. ಅದನ್ನು ಓದಿಯೇ ನಂಬಿ.

4. ಯಾವ ಸಾಧನ

ಟಿವಿಯಲ್ಲೇ ಆಪ್‌ಗಳಿದ್ದರೆ ಮೊದಲು ಅದನ್ನೇ ಒಂದು ವಾರ ಬಳಸಿ ನೋಡಿ. ಏಳೆಂಟು ವರ್ಷ ಹಳೆಯ ಸ್ಮಾರ್ಟ್ ಟಿವಿಯಾದರೆ ಆಪ್ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ, ಕೆಲವು ಆಪ್ ಸಿಗುವುದೇ ಇಲ್ಲ. ಆಗ ಟಿವಿ ಬದಲಿಸಬೇಕಿಲ್ಲ, ಸ್ಟಿಕ್ ಸಾಕು.

ಸ್ಟಿಕ್ ಎಂದರೆ ಹೆಚ್ಚಾಗಿ ಅಮೆಜಾನ್ ಫೈರ್ ಟಿವಿ ಸ್ಟಿಕ್, ಇಲ್ಲವೇ ಶಿಯೋಮಿಯಂಥವರ ಆಂಡ್ರಾಯ್ಡ್ ಅಥವಾ ಗೂಗಲ್ ಟಿವಿ ಸಾಧನ. ಬೆಲೆ ಮೂರರಿಂದ ಆರು ಸಾವಿರದೊಳಗೆ, ಹಬ್ಬದ ಮಾರಾಟದಲ್ಲಿ ಇನ್ನೂ ಕಡಿಮೆ. ಟಿವಿ 4ಕೆ ಅಲ್ಲದಿದ್ದರೆ 4ಕೆ ಸ್ಟಿಕ್ ತಗೊಂಡು ಚಿತ್ರದಲ್ಲಿ ಏನೂ ಲಾಭ ಇಲ್ಲ. ವೈಫೈ ಸರಿಯಾಗಿ ತಲುಪದ ಮನೆಗೆ ಸ್ಟಿಕ್‌ಗಿಂತ ಲ್ಯಾನ್ ಕಿಂಡಿ ಇರುವ ಬಾಕ್ಸ್ ಒಳ್ಳೆಯದು. ರೂಟರ್‌ನಿಂದ ನೇರ ವೈರ್ ಎಳೆದರೆ ಚಿತ್ರ ನಿಲ್ಲುವ ಮಾತೇ ಇಲ್ಲ. ಫೈಬರ್ ಕಂಪನಿಗಳೂ ತಮ್ಮದೇ ಸೆಟ್‌ಟಾಪ್ ಬಾಕ್ಸ್ ಕೊಡುತ್ತವೆ. ಕೆಲವು ಬಾಕ್ಸ್‌ಗಳಲ್ಲಿ ಚಾನೆಲ್ ನಂಬರ್ ಒತ್ತುವ ರಿಮೋಟ್ ಇರುತ್ತದೆ. ವಯಸ್ಸಾದವರ ಮನೆಗೆ ನಾನಾದರೆ ಅದನ್ನೇ ಮೊದಲು ವಿಚಾರಿಸುತ್ತೇನೆ.

ಹಳೇ ಡಬ್ಬಾ ಟಿವಿ, ಹಿಂದೆ ಸ್ಟಿಕ್ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿಯೇ ಇಲ್ಲ, ಎವಿ ಎನ್ನುವ ಹಳದಿ-ಬಿಳಿ-ಕೆಂಪು ಮೂರು ತೂತು ಮಾತ್ರ ಇವೆ ಎಂದರೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಸಣ್ಣ ಕನ್ವರ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಎವಿಯಿಂದ ಎಚ್‌ಡಿಎಂಐಗೆ ಎನ್ನುವುದು ಬೇರೆ, ತಿರುಗಾಮುರುಗಾ ತರಬೇಡಿ. ಅಕ್ಷರ ಮಸುಕಾಗಿ ಕಾಣುತ್ತದೆ, ಆದರೂ ನಡೆಯುತ್ತದೆ. ಹೊಸ ಟಿವಿಯನ್ನೇ ಕೊಳ್ಳುವ ಆಲೋಚನೆ ಇದ್ದರೆ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ ಎನ್ನುವುದು ಗೊತ್ತಿರಲಿ.

ತಗೊಳ್ಳಲೇಬಾರದ ವಸ್ತು ಒಂದಿದೆ. ಹೆಸರಿಲ್ಲದ ಕಪ್ಪು ಬಾಕ್ಸ್, ಮೇಲೆ ದೊಡ್ಡದಾಗಿ 4ಕೆ, 8ಕೆ ಎಂದು ಬರೆದಿರುತ್ತದೆ. "ಒಂದ್ಸಲ ತಗೊಂಡ್ರ ಸಾಕ್ರಿ, ಎಲ್ಲಾ ಚಾನೆಲ್ ಫ್ರೀ" ಎನ್ನುತ್ತಾರೆ. ಇವುಗಳಲ್ಲಿ ಗೂಗಲ್‌ನ ಮಾನ್ಯತೆ ಇರುವುದಿಲ್ಲ. ನೆಟ್‌ಫ್ಲಿಕ್ಸ್‌ನಂಥ ಆಪ್ ಓಡುವುದಿಲ್ಲ, ಓಡಿದರೂ ಚಿತ್ರ ಮಸುಕು. ಅದಕ್ಕಿಂತ ಕೆಟ್ಟದ್ದು ಒಳಗಿರುತ್ತದೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥ ಬಾಕ್ಸ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬ್ಯಾಡ್‌ಬಾಕ್ಸ್ ಎನ್ನುವ ಕಳ್ಳ ತಂತ್ರಾಂಶ ಕಾರ್ಖಾನೆಯಿಂದ ಬರುವಾಗಲೇ ಒಳಗೆ ಕೂತಿರುತ್ತದೆ, ನಿಮ್ಮ ಮನೆಯ ಇಂಟರ್ನೆಟ್ಟನ್ನು ಬೇರೆಯವರು ಅಪರಾಧಕ್ಕೆ ಬಳಸಬಹುದು. ನಿಮ್ಮ ಫೋನಿನ ಯುಪಿಐ ಇರುವುದೂ ಅದೇ ವೈಫೈನಲ್ಲಿ, ಅಲ್ವಾ?

5. ಜೋಡಿಸುವುದು

ಟಿವಿ ಆಫ್ ಮಾಡಿ, ಹಿಂದೆ ಟಾರ್ಚ್ ಬಿಟ್ಟು ನೋಡಿ. ಎಚ್‌ಡಿಎಂಐ ಕಿಂಡಿಗಳ ಪಕ್ಕ 1, 2 ಎಂದು ಬರೆದಿರುತ್ತದೆ. ಎಷ್ಟನೆಯದಕ್ಕೆ ಸಿಕ್ಕಿಸಿದಿರಿ ಎಂದು ನೆನಪಿಡಿ. ಸ್ಟಿಕ್ ಜೊತೆ ಗೇಣುದ್ದಕ್ಕಿಂತ ಚಿಕ್ಕದೊಂದು ವೈರ್ ತುಂಡು ಬಂದಿದ್ದರೆ ಬಿಸಾಡಬೇಡಿ. ಅದನ್ನು ಹಾಕಿದರೆ ಸ್ಟಿಕ್ ಟಿವಿಯ ಬೆನ್ನಿನಿಂದ ಸ್ವಲ್ಪ ಹೊರಗೆ ಬರುತ್ತದೆ, ವೈಫೈ ಚೆನ್ನಾಗಿ ಸಿಗುತ್ತದೆ, ಬಿಸಿಯೂ ಕಡಿಮೆ.

ಪವರ್‌ಗೆ ಟಿವಿಯ ಯುಎಸ್‌ಬಿ ಕಿಂಡಿ ಬಳಸುವವರು ಬಹಳ. ಹಳೇ ಟಿವಿಗಳ ಆ ಕಿಂಡಿಯಿಂದ ಅರ್ಧ ಆಂಪಿಯರ್ ಬಂದರೆ ಹೆಚ್ಚು. ಸ್ಟಿಕ್‌ಗೆ ಒಂದು ಆಂಪಿಯರ್ ಬೇಕು. ಆಗ ನೋಡುತ್ತಾ ಇದ್ದಂತೆಯೇ ಸ್ಟಿಕ್ ತಾನಾಗಿ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಜನ ಸ್ಟಿಕ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೋಗುತ್ತಾರೆ. ಜೊತೆಗೆ ಬಂದ ಅಡಾಪ್ಟರ್ ಹಾಕಿ ಗೋಡೆಯ ಪ್ಲಗ್ಗಿಗೇ ಚುಚ್ಚಿ.

ಟಿವಿ ಆನ್ ಮಾಡಿ, ಟಿವಿ ರಿಮೋಟ್‌ನ ಸೋರ್ಸ್ ಅಥವಾ ಇನ್‌ಪುಟ್ ಗುಂಡಿ ಒತ್ತಿ ನೀವು ಸಿಕ್ಕಿಸಿದ ಎಚ್‌ಡಿಎಂಐ ಆರಿಸಿ. ಹೊಸ ರಿಮೋಟ್ ಕೆಲಸ ಮಾಡದಿದ್ದರೆ ಫೈರ್ ಸ್ಟಿಕ್‌ನಲ್ಲಿ ಮನೆ ಚಿತ್ರದ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಜೋಡಿಯಾಗುತ್ತದೆ. ವೈಫೈ ಪಾಸ್‌ವರ್ಡ್ ಹಾಕಿ. ನಿಮ್ಮ ರೂಟರ್ ಎರಡು ಹೆಸರು ತೋರಿಸುತ್ತಿದ್ದರೆ, ರೂಟರ್ ಅದೇ ಕೋಣೆಯಲ್ಲಿರುವಾಗ 5 ಗಿಗಾಹರ್ಟ್ಸ್‌ನದ್ದು ಆರಿಸಿ. ಮಾಳಮಡ್ಡಿ, ಹಳೇ ಹುಬ್ಬಳ್ಳಿ ಕಡೆಯ ದಪ್ಪ ಗೋಡೆಯ ಮನೆಯಲ್ಲಿ ಎರಡು ಕೋಣೆ ದಾಟಬೇಕಿದ್ದರೆ 2.4ರದ್ದು. ಅದರ ವೇಗ ಕಡಿಮೆ, ಆದರೆ ಗೋಡೆ ದಾಟುತ್ತದೆ.

ಆಮೇಲೆ ಸ್ಟಿಕ್ ತಾನಾಗಿ ಅಪ್‌ಡೇಟ್ ಮಾಡಿಕೊಳ್ಳುತ್ತದೆ. ಚಹಾ ಕುಡಿದು ಬನ್ನಿ, ಮಧ್ಯೆ ಪ್ಲಗ್ ತೆಗೆಯಬೇಡಿ.

ಗೂಗಲ್ ಅಕೌಂಟ್ ಕೇಳಿದಾಗ ನಿಮ್ಮ ಸ್ವಂತದ್ದು ಕೊಡಬೇಡಿ. ಮನೆಗೆಂದೇ ಒಂದು ಹೊಸದು ಮಾಡಿ. ಇಲ್ಲದಿದ್ದರೆ ಅವ್ವನ ಭಜನೆ, ಮಗಳ ಕಾರ್ಟೂನ್ ಎಲ್ಲ ನಿಮ್ಮ ಫೋನಿನ ಯೂಟ್ಯೂಬ್‌ನಲ್ಲಿ ತುಂಬಿಕೊಳ್ಳುತ್ತದೆ, ನೀವು ನೋಡಿದ್ದು ಅವರ ಕಣ್ಣಿಗೂ ಬೀಳುತ್ತದೆ. ಖರೀದಿಗೆ ಪಿನ್ ಹಾಕಿಡಿ.

ಸ್ಟಿಕ್ ಶುರು ಮಾಡಲು ಯಾರಿಗೂ ಶುಲ್ಕ ಕೊಡಬೇಕಿಲ್ಲ. ಅಡಚಣೆ ಬಂತೆಂದು ಇಂಟರ್ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ನಕಲಿಗಳ ಬಲೆಗೆ ಬೀಳುವ ಅಪಾಯ ಇದೆ. ಆ್ಯಕ್ಟಿವೇಶನ್‌ಗೆ ಇಷ್ಟು ಕೊಡಿ, ಈ ಆಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಎಂದರೆ ಫೋನ್ ಇಟ್ಟುಬಿಡಿ. ಡಬ್ಬದ ಮೇಲಿನ ನಂಬರ್ ಅಥವಾ ಕಂಪನಿಯ ಆಪ್ ಒಳಗಿನ ಸಹಾಯ ಮಾತ್ರ ನಂಬಿ.

6. ರಿಮೋಟ್ ಪಾಠ

ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಸ್ಟಿಕ್ ಮನೆಯಲ್ಲಿ ಉಳಿಯುತ್ತದೋ ಅಟ್ಟ ಸೇರುತ್ತದೋ ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಮೊದಲು ಪರದೆ ಖಾಲಿ ಮಾಡಿ. ಹೋಮ್‌ನಲ್ಲಿ ಇಪ್ಪತ್ತು ಆಪ್ ಇದ್ದರೆ ಹದಿನೇಳು ತೆಗೆಯಿರಿ, ಜಾಗವೂ ಉಳಿಯುತ್ತದೆ. ಈ ಸ್ಟಿಕ್‌ಗಳಲ್ಲಿ ಬಹಳಷ್ಟು 8 ಜಿಬಿಯವು, ಬೇಗ ತುಂಬಿ ನಿಧಾನವಾಗುತ್ತವೆ. ಉಳಿದ ಮೂರನ್ನು ಅವ್ವ ನೋಡುವ ಕ್ರಮದಲ್ಲಿ ಎಡದಿಂದ ಜೋಡಿಸಿ. ಅವರು ಆಪ್‌ನ ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ. ಮೊದಲನೇದು ಸಂಜೆ ಧಾರಾವಾಹಿ, ಎರಡನೇದು ಜೀ ಧಾರಾವಾಹಿ, ಮೂರನೇದು ಕೆಂಪನೆಯದು ಸುದ್ದಿ ಮತ್ತು ಭಜನೆ. ಇಷ್ಟೇ.

ಆಮೇಲೆ ರಿಮೋಟ್. ಮನೆ ಚಿತ್ರದ ಗುಂಡಿಯ ಪಕ್ಕ ಒಂದು ಕೆಂಪು ಟಿಕಳಿ ಅಂಟಿಸಿ. ಎಲ್ಲಿ ಸಿಕ್ಕಿಹಾಕಿಕೊಂಡರೂ ಕೆಂಪು ಟಿಕಳಿಯ ಗುಂಡಿ ಒತ್ತಿದರೆ ಮೊದಲಿನ ಜಾಗಕ್ಕೆ ಬರುತ್ತದೆ. ಇದೊಂದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. "ಏನರೆ ಒತ್ತಿ ಕೆಡಿಸಿಬಿಟ್ರ?" ಎನ್ನುವುದೇ ಅವರ ದೊಡ್ಡ ಚಿಂತೆ. ಮಧ್ಯದ ಗುಂಡಿಗೆ ಹಸಿರು ಟಿಕಳಿ. ಉಳಿದವು ಕಲಿಸಲೇಬೇಡಿ.

ಎರಡು ರಿಮೋಟ್ ಹಿಡಿಯುವ ತಾಪತ್ರಯ ತಪ್ಪಿಸಿ. ಟಿವಿ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಿಇಸಿ ಎನ್ನುವುದಿರುತ್ತದೆ, ಕೆಲವು ಕಂಪನಿಗಳು ಇದಕ್ಕೆ ಬೇರೆ ಹೆಸರು ಕೊಟ್ಟಿರುತ್ತವೆ. ಅದನ್ನು ಆನ್ ಮಾಡಿದರೆ ಸ್ಟಿಕ್ ರಿಮೋಟ್‌ನಿಂದಲೇ ಟಿವಿ ಆನ್ ಆಗಿ ಸರಿಯಾದ ಎಚ್‌ಡಿಎಂಐಗೆ ತಾನೇ ಬರುತ್ತದೆ. ಸದ್ದು ಹೆಚ್ಚು ಕಡಿಮೆ ಮಾಡುವುದನ್ನೂ ಅದೇ ರಿಮೋಟ್‌ಗೆ ಜೋಡಿಸಿ. ಟಿವಿ ರಿಮೋಟನ್ನು ಕಪಾಟಿನಲ್ಲಿಡಿ.

ಓದಲು ಟೈಪ್ ಮಾಡಲು ಆಗದವರಿಗೆ ಮೈಕ್ ಗುಂಡಿ ಒಳ್ಳೆಯದು. ಗುಂಡಿ ಒತ್ತಿ ಹಿಡಿದು ಧಾರಾವಾಹಿಯ ಹೆಸರು ಹೇಳಿದರೆ ಬಹಳ ಸಲ ಸಿಗುತ್ತದೆ. ಉದ್ದನೆಯ ವಾಕ್ಯ ಬೇಡ, ಹೆಸರಷ್ಟೇ. ಜವಾರಿ ಮಾತು ಅದಕ್ಕೆ ಇನ್ನೂ ತಿಳಿಯುವುದಿಲ್ಲ.

ನಿಮ್ಮ ಕೈಯಿಂದ ತೋರಿಸಬೇಡಿ. ರಿಮೋಟ್ ಅವರ ಕೈಯಲ್ಲೇ ಇರಲಿ, ನೀವು ಕೈ ಕಟ್ಟಿ ಕೂತು ಹೇಳಿ. ನೀವು ಒತ್ತಿ ತೋರಿಸಿದ್ದು ಮಾರನೇ ದಿನಕ್ಕೆ ನೆನಪಿರುವುದಿಲ್ಲ, ಅವರೇ ಒತ್ತಿದ್ದು ಉಳಿಯುತ್ತದೆ. ಮೊಮ್ಮಕ್ಕಳು ಇದ್ದರೆ ಆಯಿಗೆ ಕಲಿಸುವ ಕೆಲಸ ಅವರಿಗೇ ಕೊಡಿ. ಅವರಿಗೆ ನಿಮಗಿಂತ ತಾಳ್ಮೆ ಜಾಸ್ತಿ. ಆದರೆ ಮಕ್ಕಳ ಪ್ರೊಫೈಲ್ ಬೇರೆ ಮಾಡಿ, ದೊಡ್ಡವರದಕ್ಕೆ ಪಿನ್ ಇಡಿ. ಯೂಟ್ಯೂಬ್‌ನಲ್ಲಿ ಒಂದಾದ ಮೇಲೊಂದು ತಾನಾಗಿ ಓಡುವುದನ್ನು ಬಂದ್ ಮಾಡಿ.

7. ಚಂದಾ ಮತ್ತು ಒಟಿಪಿ

ಹೊಸ ಆಪ್‌ಗೆ ಮೊದಲು ಒಂದು ತಿಂಗಳ ಅಥವಾ ಮೂರು ತಿಂಗಳ ಚಂದಾ ಕಟ್ಟಿ. ಮನೆಯವರು ನಿಜವಾಗಿ ನೋಡುತ್ತಾರೆ ಎಂದು ಖಾತ್ರಿಯಾದ ಮೇಲೆ ವರ್ಷದ್ದು. ಕೊಳ್ಳುವಾಗ ಎರಡು ವಿಷಯ ಓದಿ: ಟಿವಿಯಲ್ಲಿ ನೋಡಲು ಬಿಡುತ್ತಾರಾ, ಒಟ್ಟಿಗೆ ಎಷ್ಟು ಪರದೆಯಲ್ಲಿ ನಡೆಯುತ್ತದೆ. ಎಲ್ಲ ಭಾಷೆಯ ಪ್ಯಾಕ್ ತಗೊಳ್ಳುವ ಮೊದಲು ಕನ್ನಡದ್ದು ಮಾತ್ರ ಸಿಗುತ್ತದಾ ಎಂದೂ ನೋಡಿ.

ಆಟೋ ಪೇ ಹಾಕಿದರೆ ಹಣ ಹೋಗುವ 24 ತಾಸು ಮೊದಲು ಮೆಸೇಜ್ ಬರಬೇಕು ಎನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಆ ಮೆಸೇಜ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬೇಡದ್ದನ್ನು ನಿಮ್ಮ ಯುಪಿಐ ಆಪ್‌ನ ಆಟೋ ಪೇ ಪಟ್ಟಿಯಿಂದಲೇ ರದ್ದು ಮಾಡಬಹುದು. ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ.

ಇನ್ನು ಬೆಂಗಳೂರಿನಲ್ಲಿರುವ ಮಗನ ಅಕೌಂಟ್ ವಿಷಯ. ನೆಟ್‌ಫ್ಲಿಕ್ಸ್ 2023ರ ಜುಲೈನಿಂದ ಭಾರತದಲ್ಲಿ ಒಂದು ಅಕೌಂಟ್ ಒಂದೇ ಮನೆಗೆ ಎಂದು ಮಾಡಿದೆ. ಬೇರೆ ಆಪ್‌ಗಳಲ್ಲಿ ನಡೆದರೂ ಒಟಿಪಿ ಮಗನ ಫೋನಿಗೆ ಹೋಗುತ್ತದೆ. ಅವನು ಮೀಟಿಂಗ್‌ನಲ್ಲಿರುವಾಗಲೇ ಟಿವಿ ಲಾಗೌಟ್ ಆಗಿರುತ್ತದೆ. ಅವ್ವ-ಅಪ್ಪ ನೋಡುವ ಆಪ್‌ಗಳನ್ನು ಮನೆಯಲ್ಲೇ ಇರುವ ಫೋನ್ ನಂಬರಿನಿಂದ ತೆರೆಯಿರಿ. ದುಡ್ಡು ಬೇಕಾದರೆ ಮಗನೇ ಕಟ್ಟಲಿ.

8. ಕೇಬಲ್‌ನವರಿಗೆ ಹೇಳುವುದು

ಸ್ಟಿಕ್ ಹಾಕಿದ ದಿನವೇ ಕೇಬಲ್ ತೆಗೆಸಬೇಡಿ. ಒಂದು ತಿಂಗಳು ಎರಡೂ ಇರಲಿ. ಆ ತಿಂಗಳಲ್ಲಿ ಕೇಬಲ್ ರಿಮೋಟ್ ಯಾರು, ಯಾವುದಕ್ಕೆ ಮುಟ್ಟುತ್ತಾರೆ ನೋಡುತ್ತಾ ಇರಿ. ಕೊನೆಯ ವಾರ ಯಾರೂ ಮುಟ್ಟಲಿಲ್ಲ ಎಂದರೆ ತೆಗೆಸಿ. ಒಬ್ಬರು ದಿನಾ ಮುಟ್ಟುತ್ತಿದ್ದರೆ ಸಣ್ಣ ಪ್ಯಾಕ್ ಇಟ್ಟುಕೊಳ್ಳಿ. ವಯಸ್ಸಾದವರಿರುವ ಮನೆಗೆ ಸಣ್ಣ ಪ್ಯಾಕಿನ ಕೇಬಲ್, ಜೊತೆಗೆ ಒಂದೇ ಒಂದು ಆಪ್. ನನ್ನನ್ನು ಕೇಳಿದರೆ ಬಹಳ ಮನೆಗಳಿಗೆ ಸರಿ ಹೊಂದುವುದು ಇದೇ.

ತಿಂಗಳ ಬಿಲ್ಲೇ ಬೇಡ ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. 2004ರಿಂದ ನಡೆಯುತ್ತಿದೆ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಕೊಟ್ಟರೆ ಮುಗಿಯಿತು, ಚಂದನ ಬರುತ್ತದೆ. ಖಾಸಗಿ ಕನ್ನಡ ಮನರಂಜನೆ ಚಾನೆಲ್‌ಗಳ ಆಸೆಯಿಂದ ಮಾತ್ರ ಹಾಕಿಸಬೇಡಿ. ಫೈಬರ್ ಕೈಕೊಟ್ಟ ದಿನ ಟಿವಿ ಖಾಲಿ ಕೂರದಿರಲಿ ಎನ್ನುವವರಿಗೆ ಇದು ಒಳ್ಳೆಯ ಆಸರೆ.

ತೆಗೆಸುವುದು ಖಾತ್ರಿಯಾದರೆ ರೀಚಾರ್ಜ್ ಮುಗಿಯುವ ವಾರ ಆಪರೇಟರ್‌ಗೆ ಹೇಳಿ. ಸೆಟ್‌ಟಾಪ್ ಬಾಕ್ಸ್ ನಿಮ್ಮದಾ, ಅವರದಾ ಎಂದು ಹಳೇ ರಸೀದಿ ನೋಡಿ. ಬಾಡಿಗೆಯದ್ದೋ ಠೇವಣಿಯದ್ದೋ ಆಗಿದ್ದರೆ ಅಡಾಪ್ಟರ್, ರಿಮೋಟ್ ಸಮೇತ ವಾಪಸ್ ಕೊಟ್ಟು, ಬಾಕ್ಸ್ ಮೇಲಿನ ನಂಬರ್ ಬರೆಸಿದ ಚೀಟಿ ತಗೊಳ್ಳಿ. ಸುಮ್ನೆ ಬಿಲ್ ಕಟ್ಟುವುದು ನಿಲ್ಲಿಸಿಬಿಟ್ಟರೆ ಮುಂದೆ ಬಾಕಿ ಎಂದು ಕೇಳಿದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಗೋಡೆಯಲ್ಲಿ ಎಳೆದಿರುವ ಕೇಬಲ್ ವೈರ್ ಕೀಳಿಸಬೇಡಿ. ಅದರ ಮೇಲೆ ಆರ್‌ಜಿ6 ಎಂದು ಬರೆದಿದ್ದರೆ, ನಾಳೆ ಡಿಶ್ ಹಾಕಿಸಿದಾಗ ತಾರಸಿಯಿಂದ ಟಿವಿ ತನಕ ಅದೇ ವೈರ್ ಬಳಸಬಹುದು.